ಇದು ಇರಲಿ

ಎಂಟುನೂರು ಅಂದ ಮುಜಮ್ಮಿಲ್,
ಬಿ.ಎಂ. ರಸ್ತೆಯಲ್ಲಿ, ಹೊಸ ಸೀಟು ಕವರುಗಳ ವಾಸನೆಯ ನಡುವೆ,
ಪೆಟ್ಟಿಗೆಯನ್ನು ಒಮ್ಮೆ ಮಗುಚಿ ನೋಡಿ.
'ಒಂದೂವರೆ ಗಂಟೆ ಕೆಲಸ ಅಣ್ಣಾ, ಟೀ ಕುಡ್ಕೊಂಡ್ ಬನ್ನಿ.'

ನನ್ನ ಲೆಕ್ಕವೆಲ್ಲ ಟ್ರೇಯಲ್ಲಿ: ಮೂವತ್ತು, ಅರವತ್ತು, ತೊಂಬತ್ತು.
ಮೊಟ್ಟೆಗೆ ಹತ್ತು ಪೈಸೆ ಉಳಿದರೆ
ಎಂಟುನೂರಕ್ಕೆ ಎಂಟು ಸಾವಿರ ಮೊಟ್ಟೆ.
ಅರಸೀಕೆರೆಯಿಂದ ಹಾಸನಕ್ಕೆ ಅಷ್ಟನ್ನೂ ತಂದು
ನಾಲ್ಕು ವೈರು ಕಟ್ಟುವವನ ಕೈಗೆ ಸುರಿಯಬೇಕೆ?
ಹನ್ನೊಂದು ವರ್ಷದಲ್ಲಿ ಒಂದು ಟ್ರೇ ಕೆಡವದ ಕೈ ಇದು.

ಭಾನುವಾರ, ಉತ್ತರ ಬಡಾವಣೆ, ಹೊಂಗೆ ಮರದ ನೆರಳು.
ಡ್ಯಾಶ್‌ಬೋರ್ಡು ಬಿಚ್ಚಿದರೆ
ಓಮ್ನಿಯ ಹೊಟ್ಟೆಯಲ್ಲಿ ಇಷ್ಟೊಂದು ಕರುಳು!
ಟೀವಿ ರಿಪೇರಿ ಈರಣ್ಣನಿಂದ ಕಡ ತಂದ ಸಾಲ್ಡರಿಂಗ್ ಕಡ್ಡಿ.
ದಾಕ್ಷಾಯಣಿ ಟಾರ್ಚು ಹಿಡಿದಳು.
ಹಿಡಿದವಳು ನಾನು ಬೇಡವೆಂದ ವೈರಿನ ಮೇಲೇ
ಮತ್ತೆ ಮತ್ತೆ ಬೆಳಕು ಬಿಟ್ಟಳು.
'ಅಲ್ಲಲ್ವೇ, ಇಲ್ಲಿ,' ಅಂದೆ.

ಹಸಿರು ದೀಪ ಬಂತು. ದನಿ ಬರಲಿಲ್ಲ.
ಬಿಚ್ಚಿದೆ, ಕಟ್ಟಿದೆ.
ಬಿಚ್ಚಿದೆ. ಬೆರಳು ಸುಟ್ಟುಕೊಂಡೆ. ಕಟ್ಟಿದೆ.
ಮೂರನೆಯ ಸಲ ಒಂದು ಸ್ಕ್ರೂ ಕೈತಪ್ಪಿ
ಒಳಗೆಲ್ಲೋ ಟಿಣಿಟಿಣಿ ಇಳಿದು ಹೋಯಿತು.
ಆಗ ಎದುರು ಮನೆಯ ಹುಡುಗಿ, ಸೈಕಲ್ಲಿನ ಮೇಲಿಂದಲೇ,
'ಅಂಕಲ್, ಅದಕ್ಕೆ ಆಕಾಶ ಕಾಣ್ಬೇಕಲ್ವಾ?'

ಸಾಲಗಾಮೆ ರಸ್ತೆಯ ಆ ದೊಡ್ಡ ಬಿಳಿ ತಟ್ಟೆಗಳನ್ನು
ದಿನಾ ನೋಡುತ್ತೇನೆ,
ಒಂದಾದರೂ ಮರದ ಕೆಳಗೆ ಕೂತಿದೆಯೆ?
ಗಾಡಿಯನ್ನು ಹತ್ತಡಿ ಹಿಂದಕ್ಕೆ ತಳ್ಳಿದೆ, ಬಿಸಿಲಿಗೆ.
ಅಂಗೈಯಗಲದ ಆಂಟೆನಾ ಕಣ್ಣು ಬಿಟ್ಟಿತು.
ಎಲ್ಲಿಂದಲೋ ಒಂದು ಸಾರಂಗಿ
ಖಾಲಿ ಟ್ರೇಗಳ ನಡುವೆ ಬಂದು ಕೂತಿತು.
ಯಾರೂ ಮಾತಾಡಲಿಲ್ಲ.
ಅಷ್ಟು ಮೇಲಿಂದ ಬಿದ್ದರೂ ಒಡೆದಿರಲಿಲ್ಲ ಅದು.

ಸೋಮವಾರ ದುದ್ದದಲ್ಲಿ ಟೀಗೆ ಇಳಿದು ಬಂದು ಕೀಲಿ ತಿರುಗಿಸಿದರೆ
ಟಕ್ ಅಂತ ಒಂದು ಸದ್ದು, ಅಷ್ಟೇ.
ರಾತ್ರಿಯೆಲ್ಲ ಎಚ್ಚರವಿದ್ದ ರೇಡಿಯೋ
ಬ್ಯಾಟರಿಯನ್ನು ಹೀರಿ ಕುಡಿದಿತ್ತು.
ಶಾಲೆಯ ಹುಡುಗರು ತಳ್ಳಿದರು, ಹೋ ಅಂತ,
ಗಾಡಿ ಹೊರಟಿತು, ಎದೆ ನಿಂತಿತು:
ಹಿಂದೆ ಎರಡು ಟ್ರೇ ಮಗುಚಿ, ಬಾಗಿಲ ಸಂದಿಯಿಂದ
ಹಳದಿ ಗೆರೆ, ಹಾಸನದವರೆಗೂ.

ಮುಜಮ್ಮಿಲ್ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.
ಬಾಯಲ್ಲಿ ಟಾರ್ಚು ಕಚ್ಚಿ ಅಂಗಾತ ಮಲಗಿ
ನನ್ನ ಭಾನುವಾರವನ್ನು ತುಂಡು ತುಂಡಾಗಿ ಹೊರಗೆ ಹಾಕಿದ,
ಬ್ಯಾಂಡೇಜಿನಂಥ ಟೇಪು, ಅಡ್ಡದಾರಿ ಹಿಡಿದ ಕೆಂಪು ವೈರು.
ಅವಳು ಬೆಳಕು ಬಿಟ್ಟಿದ್ದ ವೈರಿಗೇ
ಅವನ ಇಕ್ಕಳವೂ ಹೋಯಿತು.
ನಾನು ಟೀಗೆ ಹೋಗಲಿಲ್ಲ.
ಒಂದು ಕಡೆ ಮಾತ್ರ ಅವನ ಕೈ ನಿಂತಿತು.
ಎಳೆದು ನೋಡಿದ. ಮತ್ತೆ ಎಳೆದ.
'ಈ ಜಾಯಿಂಟು ಯಾರ್ ಮಾಡಿದ್ದು?'
'ನಾನೇ.'
'ಇದು ಇರ್ಲಿ.'

ಸಾವಿರ ತಗೊಂಡ:
ಎಂಟುನೂರು ಕಟ್ಟಿದ್ದಕ್ಕೆ, ಇನ್ನೂರು ಬಿಚ್ಚಿದ್ದಕ್ಕೆ.
ಹತ್ತು ಸಾವಿರ ಮೊಟ್ಟೆ. ಚೌಕಾಸಿ ಮಾಡಲಿಲ್ಲ.

ಆಮೇಲೆ ಕಂಪನಿಯೇ ಮುಚ್ಚಿತು. ಕಟ್ಟಿದ ಚಂದಾ ಆಕಾಶಕ್ಕೆ.
ಪೆಟ್ಟಿಗೆ ಗುಜರಿಗೆ, ಆಂಟೆನಾ ಗಾಡಿಯ ನೆತ್ತಿಯಲ್ಲೇ,
ಕಾಗೆ ಅದರ ಮೇಲೆ ಕೂರುತ್ತದೆ.
ಆ ಜಾಯಿಂಟಿನಿಂದ ಈಗ ನನ್ನ ಫೋನು ಚಾರ್ಜಾಗುತ್ತದೆ.
ದುದ್ದದ ಹಂಪು ಹತ್ತಿ ಇಳಿವಾಗಲೆಲ್ಲ
ಕಳೆದ ಸ್ಕ್ರೂ ಒಳಗಿಂದ ಟಿಣ್ ಅನ್ನುತ್ತದೆ.
ಮುಜಮ್ಮಿಲ್‌ಗೆ ಅದೂ ಸಿಕ್ಕಿರಲಿಲ್ಲ.