ಮೇನ್ ಇಳಿಸಿದಿರಾ?

ಸಂಜೆಯ ಗಾಳಿಗೆ ಮೆದೇಹಳ್ಳಿ ರಸ್ತೆಯಲ್ಲಿ ಮೂರು ಕಂಬ
ಉರುಳಿ ಬಿದ್ದವು, ಮದುವೆಯೂಟ ಮುಗಿಸಿದ ಗಂಡಸರ ಹಾಗೆ,
ಒಂದರ ಮೇಲೊಂದು ಕಾಲು ಹಾಕಿ.
ಅತ್ತ ಜೋಗಿಮಟ್ಟಿಯ ಸಾಲಿನಲ್ಲಿ
ಗಾಳಿಯಂತ್ರಗಳು ತಿರುಗುತ್ತಲೇ ಇವೆ.
ಇತ್ತ ನಮ್ಮ ಓಣಿಯ ಕೈಗಳಲ್ಲಿ
ಹಳೇ ಕ್ಯಾಲೆಂಡರಿನ ರಟ್ಟು.

ಓಬಳೇಶ ಊಟದ ಡಬ್ಬಿ ಬಿಟ್ಟೇ ಹೋದ.
ಹಗ್ಗ, ಇಕ್ಕಳ, ಕೈಗವಸು ಮರೆಯಲಿಲ್ಲ.
ಹದಿಮೂರು ವರ್ಷದಿಂದ ಕಂಬ ಹತ್ತುವವನ ಹೆಂಡತಿ ನಾನು,
ಕತ್ತಲೆಗೆ ಹೆದರುವುದಿಲ್ಲ.
ಕತ್ತಲಲ್ಲಿ ಫಕ್ಕನೆ ಬೆಳಗುವ
ಒಂಟಿ ಮನೆಗೆ ಹೆದರುತ್ತೇನೆ.

ಎಂಟಕ್ಕೆ ಶುರುವಾಯಿತು ಡುಗುಡುಗು.
ಶಾಮಿಯಾನದಂಗಡಿಯ ಬಾಡಿಗೆ ಜನರೇಟರು, ಜಬೀನಾಳ ಮನೆಗೆ;
ನಾಳಿದ್ದಿನ ನಿಕಾಹ್‌ಗೆ ಇಪ್ಪತ್ತೆರಡು ರವಿಕೆ ಬಾಕಿ.
ಟಾರ್ಚು ಹಿಡಿದು ಹೋದೆ.
"ಮೇನ್ ಇಳಿಸ್ದೇನೇ?"
"ಗೋಡೆ ಪ್ಲಗ್ಗಿಗೆ ಚುಚ್ಚಿದ್ರೆ ಸಾಕಂತಲ್ಲಕ್ಕಾ, ಮನೆಯೆಲ್ಲ ಉರೀತದೆ."
ಮನೆಯೆಲ್ಲ ಉರಿದು, ಮೀಟರು ದಾಟಿ,
ಬಂದ ದಾರಿಯಲ್ಲೇ ಹಿಂದಕ್ಕೆ ನಡೀತದೆ ಕಣೆ ಅದು,
ತಂತಿ ಸತ್ತಿದೆಯೆಂದು ನಂಬಿ
ಮುಟ್ಟಿದವನ ಕೈವರೆಗೆ.
ಜಬೀನಾ ಮಾತಾಡಲಿಲ್ಲ.
ಜನರೇಟರು ನಿಲ್ಲಿಸಿ ತಾನೇ ಕಿತ್ತಳು, ಮೇನ್ ಇಳಿಸಿದಳು.
ಒಂದು ಹೊಲಿಗೆ ಯಂತ್ರ, ಒಂದು ಬಲ್ಬು,
ನೇರ ಜನರೇಟರಿನಿಂದಲೇ ಎಳೆದ ವೈರು. ಅಷ್ಟೇ.

ಪದ್ಮರಾಜಯ್ಯನವರದು ಬೇರೆ ಕಥೆ.
ಮಳೆಗೆ ನೆನೆದೀತು, ಯಾರಾದರೂ ಹೊತ್ತೊಯ್ದಾರು ಅಂತ
ಬಚ್ಚಲಮನೆಗೆ ಎಳೆದು ಬಾಗಿಲು ಹಾಕಿದ್ದರು.
ಪಕ್ಕದ ಕೋಣೆಯಲ್ಲಿ ಮೊಮ್ಮಗು ನಿದ್ದೆ.
"ಕಿಟಕಿ ತೆಗ್ದೈತಲ್ಲಮ್ಮ."
ಕಣ್ಣು ಉರಿಸಿದ್ದರೆ ಎಚ್ಚರಾದರೂ ಆಗುತ್ತಿತ್ತು ಸ್ವಾಮಿ,
ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ,
ಮಲಗಿದವರಿಗೆ ಇನ್ನಷ್ಟು ನಿದ್ದೆ ಬಡಿಸುತ್ತದೆ.
ಹೊಳಲ್ಕೆರೆಯ ನಮ್ಮಣ್ಣನ ಮನೆಯಲ್ಲಿ
ಮೊದಲು ಲವ್‌ಬರ್ಡ್ಸ್ ಬಿದ್ದವು, ಗೂಡಿನ ತಳಕ್ಕೆ, ಸದ್ದಿಲ್ಲದೆ.
ಅತ್ತಿಗೆ ತಲೆನೋವೆಂದು ನೀರಿಗೆದ್ದಳು,
ಅದಕ್ಕೇ ಇವತ್ತು ಅಣ್ಣನಿಗೆ ಹೆಂಡತಿಯಿದ್ದಾಳೆ.

ಆರಿಸಿದರು. ಮಗುವನ್ನೆತ್ತಿ ಜಗುಲಿಗೆ ತಂದರು.
ಯಂತ್ರ ತಣಿಯಲೆಂದು ಕಾದು, ಇಬ್ಬರೂ ನೂಕಿದೆವು
ಬೀದಿಯಾಚೆ ಸೈಕಲ್ ಶಾಪಿನ ಬರಿಯ ತಗಡಿನ ಕೆಳಗೆ,
ಮೂತಿ ಬಯಲಿಗೆ.
ನನ್ನ ಸೆರಗಿಗೆ ಎಣ್ಣೆ ಬಳಿಯಿತು.
ಹೋಗಲಿ, ಹಳೇ ಸೀರೆ.

ಹನ್ನೊಂದೂವರೆಗೆ ಅವನ ಫೋನು.
ನನ್ನದರಲ್ಲಿ ನಾಲ್ಕು ಪರ್ಸೆಂಟು.
"ಓಣೀಲಿ ಎಷ್ಟು ಜನರೇಟ್ರು?"
"ಎರಡು. ಎರಡೂ ಮನೇಲಿ ಮೇನ್ ಇಳಿಸ್ಯಾರೆ."
ಆಚೆ ಗಾಳಿ, ಯಾರದೋ ಕೂಗು, ಏಣಿಯ ಸದ್ದು.
"ಮುಟ್ಲಾ?"

ಟೆಸ್ಟರು ಇರುತ್ತದೆ ಅವನಲ್ಲಿ, ಗೊತ್ತು.
ಆದರೂ ಹೂಂ ಎನ್ನಲು ನಾಲಿಗೆ ಏಳಲಿಲ್ಲ.
"ತಡಿ" ಅಂದೆ,
ಟಾರ್ಚು ಹುಡುಕಿ
ಚಪ್ಪಲಿಯಿಲ್ಲದೆ ಮತ್ತೆ ಬೀದಿಗಿಳಿದೆ.