ಗೆರಟೆಯೊಳಗಿನ ಆನೆ

ಪೈವಳಿಕೆಯಿಂದ ಒಳಗೆ, ಬಸ್ಸು ತಿರುಗಿಸುವ ಜಾಗದ ಆಚೆ
ಮುರಕಲ್ಲಿನ ಗೋಡೆಯ ನಮ್ಮ ಶಾಲೆ.
ಏಳನೆಯ ತರಗತಿ, ಕನ್ನಡ ಮಾಧ್ಯಮ, ಮಕ್ಕಳು ಒಂಬತ್ತು.
ಹನ್ನೆರಡು ಗೆರಟೆ ಮಿಸ್ರಿಯಾಳ ಮನೆಯಿಂದ,
ಹೊಯಿಗೆ ಹೊಳೆಯದ್ದು,
ಜರಡಿ ನನ್ನ ಅಡುಗೆಮನೆಯದು
(ಅಮ್ಮನಿಗೆ ಇನ್ನೂ ಹೇಳಿಲ್ಲ).

ಜಗಲಿಯ ಮಾಡಿನಡಿ, ನೀರು ತಾಗದ ಧೂಳಿನಲ್ಲಿ
ಆಲಿಕೆಯಂಥ ಸಣ್ಣ ಸಣ್ಣ ಗುಳಿ,
ತಳದಲ್ಲಿ ಕೂತು ಕಾಯುವ ಹುಳ.
ಪುಸ್ತಕದಲ್ಲಿ ಅದು ಇರುವೆ ಸಿಂಹ,
ಪಕ್ಕದ ಮಲಯಾಳ ತರಗತಿಗೆ ಕುಳಿಯಾನೆ.
"ಸಿಂಹವೋ ಆನೆಯೋ ಮೊದಲು ತೀರ್ಮಾನ ಆಗಲಿ ಟೀಚರೇ,
ಆಮೇಲೆ ಸಾಕುವಾ" ಅಂದಳು ಲವೀಟಾ.
ಅಂಗೈಯಲ್ಲಿಟ್ಟರೆ ಅದು ಹಿಂದೆ ಹಿಂದೆಯೇ ನಡೆದು
ಬೆರಳ ಸಂದಿಯಲ್ಲಿ ಹೊಯಿಗೆ ಹುಡುಕಿತು.

ಪ್ರಯೋಗ ಇಷ್ಟೇ:
ಮೊದಲ ನಾಲ್ಕಕ್ಕೆ ದಿನಕ್ಕೊಂದು ಇರುವೆ,
ನಡುವಿನ ನಾಲ್ಕಕ್ಕೆ ಸೋಮವಾರ ಮಾತ್ರ,
ಕೊನೆಯ ನಾಲ್ಕಕ್ಕೆ ಉಪವಾಸ.
ಯಾವುದು ಎಷ್ಟು ದಿನ ಉಳಿಯುತ್ತದೆ, ಬರೆಯಿರಿ.
ದಿನಗೂಲಿ ಟೀಚರು ನಾನು, ಆದೇಶ ಮಾರ್ಚಿಯವರೆಗೆ;
ಪಟ್ಟಿಯ ಕೊನೆಯ ಗೆರೆಯನ್ನೂ ಅಲ್ಲಿಗೇ ಎಳೆದೆ.

ಇರುವೆ ಹಿಡಿಯುವ ಕೆಲಸ ಮನ್ವಿತನದು, ಬೆಲ್ಲದ ಚೂರಿಟ್ಟು.
ಇಳಿಜಾರಿನಲ್ಲಿ ಇರುವೆ ಹತ್ತುತ್ತದೆ, ಜಾರುತ್ತದೆ,
ಕೆಳಗಿನಿಂದ ಹೊಯಿಗೆ ಚಿಮ್ಮುತ್ತದೆ,
ಮತ್ತೆ ಹತ್ತುತ್ತದೆ.
ಒಂಬತ್ತು ತಲೆ ಒಂದು ಗೆರಟೆಯ ಮೇಲೆ, ಉಸಿರಿಲ್ಲ.
ಮೂರನೆಯ ದಿನ ಮಿಸ್ರಿಯಾ ಕೇಳಿದಳು:
"ಪಟ್ಟಿಯಲ್ಲಿ ಇರುವೆಗೆ ಕಾಲಂ ಎಲ್ಲಿ?"
ಬಿದ್ದ ಚಾಕ್ ಹುಡುಕುವವಳಂತೆ ನಾನು ಬಗ್ಗಿದೆ.

ವಾರ ಒಂದು: ಹನ್ನೆರಡು.
ವಾರ ಎರಡು: ಹನ್ನೆರಡು.
ಉಂಡವೂ ಸರಿ, ಉಪವಾಸದವೂ ಸರಿ.
ವಾರ ಐದಾದರೂ ಹನ್ನೆರಡೇ.
ಹೆಡ್‌ಮಾಸ್ತರರು ಕನ್ನಡಕ ತೆಗೆದು ಹೊಗಳಿದರು,
ಮೇಳಕ್ಕೆ ಕಳಿಸುವಾ ಅಂದರು.
ನನಗೆ ಮಾತ್ರ ಎರಡನೆಯ ಗೆರಟೆಯ ಹುಳ
ಹೋದ ವಾರಕ್ಕಿಂತ ಚಿಕ್ಕದಾಗಿ ಕಂಡಿತು.
ದಿನವೂ ಉಂಡು ಯಾರಾದರೂ ಕುಗ್ಗುತ್ತಾರೆಯೇ?

ಹೃತೇಶ ಎಲ್ಲರಿಗಿಂತ ಬೇಗ ಬರುವವನು, ಪಂಪಿನ ಕೀಲಿ ಅವನಲ್ಲಿ.
ಕೇಳಿದೆ. ಮೊದಲು ಇಲ್ಲ ಅಂದ.
ಆಮೇಲೆ ತುಳುವಿನಲ್ಲಿ ಅತ್ತ,
ಕನ್ನಡದಲ್ಲಿ ಅವನಿಗೆ ಅಳು ಬರುವುದಿಲ್ಲ.
ಒಂದು ಬೆಳಿಗ್ಗೆ ಗುಳಿ ಮುಚ್ಚಿಹೋಗಿತ್ತಂತೆ,
ಕೆದಕಿದರೆ ಹುಳ ಇಲ್ಲ, ಹೊಯಿಗೆಯದೇ ಒಂದು ಗುಂಡು,
ಗೋಲಿಗಿಂತ ಸಣ್ಣದು, ಅಲುಗದು.
"ಸತ್ತು ಮಣ್ಣಾಯಿತು ಅಂದುಕೊಂಡೆ ಟೀಚರೇ.
ನನ್ನ ಪಾಳಿಯ ದಿನ ಸತ್ತಿತು ಅಂತ ಬರೆಯಲು ಆಗಲಿಲ್ಲ."
ಜಗಲಿಯಿಂದ ಬೇರೊಂದನ್ನು ತಂದು ಹಾಕಿದ.
ಹಾಗೆ ಮೂರು ಸಲ.
ಗುಂಡುಗಳನ್ನು ಪೇರಳೆ ಮರದಡಿ ಹೂತು
ಒಂದೊಂದರ ಮೇಲೂ ಕೇಪಳ ಹೂ ಇಟ್ಟಿದ್ದಾನೆ.

ಬೈಯಲು ಬಾಯಿ ತೆರೆದೆ.
ಹೋದ ಜೂನಿನಲ್ಲಿ, ಆರನೆಯ ದಿನದ ಎಣಿಕೆ ಮುಗಿಯುವವರೆಗೆ,
ಮಂಗಳೂರಿಗೆ ಸೇರಿದ ಹುಡುಗನ ಹೆಸರನ್ನು
ಹಾಜರಿ ಪುಸ್ತಕದಲ್ಲಿ ಹೊಡೆಯದೆ ಉಳಿಸಿದ್ದೆವು,
ಹೆಡ್‌ಮಾಸ್ತರರೂ ನಾನೂ.
ಹತ್ತು ಅಂತ ಬರೆದ ಪೆನ್ನು ಇದೇ.
ಬಾಯಿ ಮುಚ್ಚಿದೆ.

ಎಲ್ಲರೂ ಸೇರಿ ಅಗೆದೆವು, ಸ್ಟೀಲಿನ ಚಮಚದಲ್ಲಿ.
ಎರಡು ಗುಂಡು ಇಡಿಯಾಗಿದ್ದವು.
ಮೊದಲು ಹೂತದ್ದರ ಬದಿಯಲ್ಲಿ ತೂತು,
ತೂತಿನಲ್ಲಿ ಅರ್ಧ ಸಿಕ್ಕಿಕೊಂಡ ತೆಳ್ಳನೆ ಸಿಪ್ಪೆ.
ಬಹಳ ಹೊತ್ತು ತಿರುಗಿಸಿ ನೋಡಿ ಹೃತೇಶ ಹೇಳಿದ:
"ಇದು ಒಳಗಿನಿಂದ ಒಡೆದದ್ದು."

ಮೇಳಕ್ಕೆ ಕಳಿಸಲಿಲ್ಲ. ಪಟ್ಟಿ ಗೋಡೆಯಲ್ಲೇ ಇದೆ,
ಹನ್ನೆರಡುಗಳನ್ನು ಹೊಡೆದು ಪಕ್ಕದಲ್ಲಿ ನಡೆದದ್ದು.
ಅಂಚಿನಲ್ಲಿ ಮಿಸ್ರಿಯಾ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ:
ಇರುವೆ, ನೂರ ನಲವತ್ತನಾಲ್ಕು.
ಉಳಿದದ್ದು, ಒಂದು.
ಮನ್ವಿತನ ಅಂಗಿ ಹತ್ತಿ ಹೋದದ್ದು.

ಇಡಿಯಾದ ಎರಡು ಗುಂಡು ಈಗ ನನ್ನ ಮೇಜಿನ ಮೇಲೆ,
ಗೆರಟೆಯ ಬಾಯಿಗೆ ಅಮ್ಮನ ಜರಡಿ ಮುಚ್ಚಿದೆ.
ಮಾರ್ಚಿ ಮುಗಿಯಲು ಹದಿನೆಂಟು ದಿನ.
ಹತ್ತಿ ರೆಕ್ಕೆ ಒಣಗಿಸಿಕೊಳ್ಳಲಿ ಅಂತ
ಮಕ್ಕಳು ಒಂದು ಹಿಡಿಕಡ್ಡಿ ನೆಟ್ಟಿದ್ದಾರೆ.