ಉಸಿರು ಕತ್ತರಿಸಿದವಳು

ವುಚ್ ಎಂದರೆ ದೋಣಿ. ಹೆಸರಿಗಷ್ಟೇ.
ಪೋಲೆಂಡಿನ ಈ ಊರಿನ ಹೊಳೆಗಳನ್ನೆಲ್ಲ
ಎಂದೋ ಇಟ್ಟಿಗೆಯ ಕೊಳವೆಗೆ ತುಂಬಿ
ಮೇಲೆ ರಸ್ತೆ ಹಾಸಿಬಿಟ್ಟರು.
ಟ್ರಾಮು ನಿಂತ ಮೇಲೆ ಕಿವಿಗೊಟ್ಟರೆ ಕೇಳುತ್ತದಂತೆ.
ನನಗೆ ಕೇಳಿಸಿಲ್ಲ,
ಕಿವಿಯ ಕೂಲಿಯಲ್ಲೇ ಬದುಕಿದ ನನಗೂ.

ಕೆಳಮನೆಯ ಇಗ್ನಾತ್ಸಿ ಬಂದು
ಟೀವಿಯಡಿ ಕಂಪ್ಯೂಟರು ಕೂರಿಸಿದ,
ಬ್ರೆಡ್ಡಿನ ಡಬ್ಬಿಯಷ್ಟು ದಪ್ಪ. ಹಳೇ ಚಿಪ್ಪು, ಹೊಸ ಡಿಸ್ಕು.
“ಯಾವ ಕೋಡೆಕ್ ಬೇಕು ಹೇಳಿ, ಬೊಗುಮಿವಾ?”
ಗಂಡು ತೋರಿಸುವ ದಲ್ಲಾಳಿಯ ಹಾಗೆ ಒಬ್ಬೊಬ್ಬನನ್ನೇ ಹೊಗಳಿದ:
ಎಚ್ ಇನ್ನೂರ ಅರವತ್ತನಾಲ್ಕು ಮುದುಕ, ಆದರೆ
ಯಾರ ಮನೆಯಲ್ಲಾದರೂ ಹೊಂದಿಕೊಂಡು ಉಣ್ಣುತ್ತಾನೆ.
ಅರವತ್ತೈದಕ್ಕೆ ಅರ್ಧ ಜಾಗ ಸಾಕು, ಚಿತ್ರ ಅಷ್ಟೇ ಚೆನ್ನ.
ಎವಿ ಒನ್ ಜಿಪುಣ, ಇನ್ನೂ ಚಿಕ್ಕದಾಗಿ ಮಡಿಸುತ್ತಾನೆ,
ಬಿಚ್ಚುವಾಗ ಮಾತ್ರ ಈ ಚಿಪ್ಪಿಗೆ ಏದುಸಿರು.

ಹಾಕಿ ನೋಡಿದೆವು. ಫ್ಯಾನು ಬೊಬ್ಬೆ ಹೊಡೆಯಿತು,
ಓಡುವ ಕುದುರೆ ನಾಲ್ಕು ಹೆಜ್ಜೆಗೊಮ್ಮೆ ಕಲ್ಲಾಯಿತು.
ಬೇಡಪ್ಪ, ಅರವತ್ತೈದೇ ಇರಲಿ ಅಂದೆ.
ಕಣ್ಣಿಗೆ ಮೋಸ ಮಾಡುವುದು ಸುಲಭ,
ತಾನೇ ಬಂದು ಒಪ್ಪಿಕೊಳ್ಳುತ್ತದೆ.

ಧ್ವನಿಯ ಸರದಿ ಬಂದಾಗ
ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.

“ಓಪಸ್ ಸಾಕು,” ಅಂದ ಹುಡುಗ. “ದೊಡ್ಡ ಸದ್ದಿನ ಬೆನ್ನಿಗೆ ನಿಂತ
ಸಣ್ಣ ಸದ್ದು ಹೇಗೂ ಕಿವಿಗೆ ಬೀಳದು.
ಅಂಥದ್ದನ್ನಷ್ಟೇ ಕೇರಿ ತೂರುತ್ತದೆ.”
ಕೇರಿ ತೂರುವುದೇ!
ಮಗೂ, ಇಪ್ಪತ್ತೆರಡು ವರ್ಷ ನಾನು ಮಾಡಿದ್ದೂ ಅದನ್ನೇ.

ನಮ್ಮ ಟೀವಿಯಲ್ಲಿ ಪರದೇಶದ ಚಿತ್ರಕ್ಕೆ ಒಂದೇ ಬಾಯಿ.
ಗಂಡ, ಹೆಂಡತಿ, ಕೊಲೆಗಾರ, ಕೂಸು, ರಾಣಿ,
ಎಲ್ಲರ ಮಾತೂ ಒಬ್ಬ ಓದುಗನ ಗಂಟಲಲ್ಲಿ
ಏರಿಳಿತವಿಲ್ಲದೆ, ರೈಲಿನ ವೇಳೆ ಓದಿದ ಹಾಗೆ.
ಅಡಿಯಲ್ಲಿ ಅವರವರ ಅಸಲು ದನಿ,
ಗೊಣಗುತ್ತ.

ನಮ್ಮ ಓದುಗ ಜೆನೋನ್ ವಿಲ್ಚೆಕ್.
ಗಾಜಿನಾಚೆ ಅವನು; ಈಚೆ ನಾನು, ಟೇಪು, ಬ್ಲೇಡು.
ವಾಕ್ಯಕ್ಕೆ ಮುಂಚೆ ಎಳೆದ ಉಸಿರು, ಹಾಳೆಯ ಸರಸರ,
ಯಾರೋ ಸಾಯುವ ದೃಶ್ಯದಲ್ಲಿ ನುಂಗಿದ ಉಗುಳು,
ಕಚ್. ಕಚ್. ಸಂಜೆಗೆ ನನ್ನ ಮಡಿಲ ತುಂಬ
ಬೆರಳುದ್ದದ ಕಂದು ಉಸಿರುಗಳು.
ಕೊಡವಿ ಎದ್ದು ಮನೆಗೆ ಹೋಗುತ್ತಿದ್ದೆ.
ಅದಕ್ಕೇ ಸಂಬಳ.

ಒಂದೇ ರೀಲು ಬ್ಲೇಡು ಕಾಣದೆ ಉಳಿದಿತ್ತು,
ಸ್ಟುಡಿಯೋ ಬಾಗಿಲು ಹಾಕಿದ ವಾರದ್ದು.
ಅದನ್ನು ಎರಡು ಥರ ಮಾಡು ಅಂದೆ: ಒಂದು ಓಪಸ್,
ಒಂದು ಫ್ಲ್ಯಾಕ್, ಏನನ್ನೂ ಬಿಸುಡದ್ದು.
ಯಾವುದು ಯಾವುದೆಂದು ಬಾಯಿ ಬಿಡಬೇಡ.
ಹೆಡ್‌ಫೋನು ಹಾಕಿ ಕಣ್ಣು ಮುಚ್ಚಿದೆ. ಆರು ಸಲ.
ಆರರಲ್ಲಿ ಮೂರು ತಪ್ಪು.
ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು.

ಹುಡುಗ ಸಭ್ಯ, ನಗಲಿಲ್ಲ. “ಹಾಗಾದರೆ ಓಪಸ್ಸೇ?”
ಫ್ಲ್ಯಾಕ್, ಅಂದೆ.
“ನಿಮಗೆ ಗೊತ್ತೇ ಆಗಲಿಲ್ಲವಲ್ಲ.”
ಆಗಲಿಲ್ಲ.
ಡಿಸ್ಕು ತುಂಬಿದರೆ ಇನ್ನೊಂದು ತಂದರಾಯಿತು.

ಶುಕ್ರವಾರ ಜೆನೋನ್ ಬಂದ. ಗಸಗಸೆಯ ಕೇಕು,
ಕೋಲು, ಎರಡೂ ಕಿವಿಗೆ ಯಂತ್ರ.
ತನ್ನದೇ ದನಿಗೆ “ಜೋರು ಮಾಡು” ಅಂದ, ಎರಡು ಸಲ.
ಕೊಲೆಗಾರ ಮೆಟ್ಟಿಲು ಹತ್ತುತ್ತಿದ್ದ.
ಜೆನೋನ್ ಕೈಯೆತ್ತಿ ತಡೆದ:
“ಯಾರದು, ಹೀಗೆ ಬುಸುಬುಸು ಉಸಿರು ಬಿಡುವವನು?
ನಿನ್ನ ಕೆಲಸ ಕೆಟ್ಟಿದೆ, ಬೊಗುಮಿವಾ.”

ಹೌದು ಅಂದೆ,
ಕೇಕಿಗೆ ಚಾಕು ತರಲು ಎದ್ದೆ.